ಐದು ನಕ್ಷತ್ರದ ಥರ್ಮಾಮೀಟರ್

ಬಿಳಿಕೆರೆಯ ಧರ್ಮೇಂದ್ರ ಹುಣಸೂರಿನ ಖಾಸಗಿ ಹೈಸ್ಕೂಲೊಂದರಲ್ಲಿ ಗುಮಾಸ್ತನಾಗಿದ್ದ. ಟಿ.ಸಿ. ಬರೆಯುವಾಗ ಮಕ್ಕಳ ಹುಟ್ಟಿದ ತಾರೀಕನ್ನೇ ತಪ್ಪು ಬರೆದು ಬೈಸಿಕೊಳ್ಳುತ್ತಿದ್ದ ಈ ಆಸಾಮಿ, ಸಂಜೆ ಬಸ್‌ಸ್ಟ್ಯಾಂಡ್ ಹತ್ತಿರದ ಸೈಬರ್ ಸೆಂಟರಿನಲ್ಲಿ ಕೂತನೆಂದರೆ ಜಗತ್ತಿಗೇ ಬುದ್ಧಿ ಹೇಳುವ ಪಂಡಿತನಾಗಿಬಿಡುತ್ತಿದ್ದ.

ಅದು ಎರಡು ಸಾವಿರದ ಎಂಟನೇ ಇಸವಿ. ಕೊಂಡ ಸಾಮಾನಿನ ಬಗ್ಗೆ ಯಾರು ಬೇಕಾದರೂ ಅಭಿಪ್ರಾಯ ಬರೆದು ನಕ್ಷತ್ರ ಕೊಡಬಹುದಾದ ವೆಬ್‌ಸೈಟೊಂದನ್ನು ಅವನು ಹಿಡಿದಿದ್ದ. ಅಲ್ಲಿ ‘ಟೆಕ್ ಗುರು ಧರ್ಮ’ ಎಂದು ಹೆಸರಿಟ್ಟುಕೊಂಡು, ಹರಕುಮುರುಕು ಇಂಗ್ಲಿಷಿನಲ್ಲಿ ಮಿಕ್ಸಿ, ಮೊಬೈಲು, ಎಮರ್ಜೆನ್ಸಿ ಲೈಟು ಎಂದು ಕಂಡದ್ದರ ಮೇಲೆಲ್ಲ ಬರೆಯುತ್ತಿದ್ದ. ಮೆಗಾಪಿಕ್ಸೆಲ್ ಜಾಸ್ತಿಯಿದ್ದರೆ ದೂರದ್ದು ಹತ್ತಿರ ಕಾಣುತ್ತದೆ ಎಂದು ಬರೆದ. ವ್ಯಾಟು, ವೋಲ್ಟು ಎರಡೂ ಒಂದೇ ಎಂದ. ಅರ್ಧಕ್ಕರ್ಧ ಸಾಮಾನನ್ನು ಅಂಗಡಿಯ ಗಾಜಿನಾಚೆ ನೋಡಿದ್ದೇ ಹೊರತು ಮುಟ್ಟಿಯೂ ಇರಲಿಲ್ಲ. ಆದರೆ ‘ಮೂರು ತಿಂಗಳು ಬಳಸಿ ಬರೆದದ್ದು’ ಎಂಬ ಕೊನೆಯ ಸಾಲು ಒಮ್ಮೆಯೂ ತಪ್ಪಲಿಲ್ಲ.

ಒಮ್ಮೆ ಮೈಸೂರಿನಿಂದ ಡಿಜಿಟಲ್ ಥರ್ಮಾಮೀಟರ್ ತಂದ. ಅಂಗೈಯಗಲದ ಡಬ್ಬಿ, ಅದರಿಂದ ಹೊರಟ ಉದ್ದನೆಯ ಕರಿ ವೈರು, ವೈರಿನ ತುದಿಗೆ ಲೋಹದ ಮೊಗ್ಗು. ಡಬ್ಬಿಯನ್ನು ಟೀ ಲೋಟದ ಪಕ್ಕ ಇಟ್ಟ. ಅಂಕಿ ಒಂಚೂರು ಏರಿತು. ಪರೀಕ್ಷೆ ಮುಗಿಯಿತು. ‘ಹೊಗೆಸೊಪ್ಪು ಹದಮಾಡುವ ಬ್ಯಾರನ್ನಿಗೆ ಹೇಳಿ ಮಾಡಿಸಿದಂತಿದೆ, ನೂರಕ್ಕೆ ನೂರು ಕರಾರುವಾಕ್ಕು. ವೈರು ಬರೀ ಆಂಟೆನಾ, ಸುತ್ತಿಟ್ಟರೂ ನಡೆಯುತ್ತದೆ’ ಎಂದು ಬರೆದು ಐದಕ್ಕೆ ಐದು ನಕ್ಷತ್ರ ದಯಪಾಲಿಸಿದ.

ಪಿರಿಯಾಪಟ್ಟಣದಲ್ಲಿ ಎಲೆಕ್ಟ್ರಿಕಲ್ ಅಂಗಡಿ ಇಟ್ಟಿದ್ದ ಮುಜಫರ್ ಎಂಬುವರು ಅದರ ಕೆಳಗೆ, ‘ಸ್ವಾಮಿ, ಅದು ಆಂಟೆನಾ ಅಲ್ಲ. ಶಾಖ ಅಳೆಯುವುದೇ ಆ ತುದಿ. ದಯವಿಟ್ಟು ತಿದ್ದಿ’ ಎಂದು ಬರೆದರು. ‘ನಿಮ್ಮ ಅನುಭವ ಎಷ್ಟು ವರ್ಷದ್ದು?’ ಎಂದು ಧರ್ಮೇಂದ್ರ ಮಾರುತ್ತರ ಕೊಟ್ಟ. ತಿದ್ದಲಿಲ್ಲ.

ಅವನ ಚಿಕ್ಕಪ್ಪ ಸಣ್ಣಯ್ಯ ಬಿಳಿಕೆರೆಯಲ್ಲೇ ಹೊಗೆಸೊಪ್ಪು ಬೆಳೆಯುತ್ತಿದ್ದ. ಹಸಿ ಸೊಪ್ಪನ್ನು ಕಡ್ಡಿಗೆ ಕಟ್ಟಿ ಬ್ಯಾರನ್ ಮನೆಯೊಳಗೆ ತೂಗುಹಾಕಿ, ಹೊರಗಿನ ಒಲೆಯ ಶಾಖದಲ್ಲಿ ಹದಮಾಡಬೇಕು. ಶಾಖ ಮೆಲ್ಲಗೆ ಏರಿದರೆ ಎಲೆ ಹೊಂಬಣ್ಣಕ್ಕೆ ತಿರುಗುತ್ತದೆ, ಅವಸರವಾದರೆ ಕಪ್ಪಾಗುತ್ತದೆ. ಧರ್ಮೇಂದ್ರ ಬಂದವನೇ ಒಳಗಿದ್ದ ಪಾದರಸದ ಥರ್ಮಾಮೀಟರನ್ನು ಕಿತ್ತುಹಾಕಿ, ತನ್ನ ಡಬ್ಬಿಯನ್ನು ಬಾಗಿಲ ಹೊರಗಿನ ಮೊಳೆಗೆ ನೇತುಹಾಕಿದ. ವೈರನ್ನು ಸುತ್ತಿ ರಬ್ಬರ್ ಬ್ಯಾಂಡ್ ಬಿಗಿದ.

“ಒಳಕ್ಕೆ ಏನೂ ಬುಡಬ್ಯಾಡ್ವೇನ್ಲಾ?” ಎಂದು ಸಣ್ಣಯ್ಯ ಕೇಳಿದ.

“ಬ್ಯಾಡ ಚಿಕ್ಕಪ್ಪ, ಇದು ಡಿಜಿಟಲ್ಲು. ಆ ವೈರು ಬರೀ ಆಂಟೆನಾ. ಗೋಡೆ ಆಚೆಯಿಂದ್ಲೇ ಎಳ್ಕತದೆ. ಇಂಟರ್ನೆಟ್ಟಲ್ಲೇ ಬರ್ದಿವ್ನಿ.”

“ಅಂಗಾದ್ರೆ ಸರಿ ಬುಡು” ಎಂದ ಸಣ್ಣಯ್ಯ. ಹುಟ್ಟಿದಾಗಿನಿಂದ ಸೊಪ್ಪಿನ ಹೊಗೆಯಲ್ಲೇ ಬೆಳೆದ ಮನುಷ್ಯ, ಮಿನುಗುವ ನಾಲ್ಕು ಅಂಕಿಗೆ ಮರುಳಾದ.

ಬೆಳಿಗ್ಗೆ ಒಲೆ ಹೊತ್ತಿಸಿದರು. ಮಧ್ಯಾಹ್ನದ ಹೊತ್ತಿಗೆ ಸಣ್ಣಯ್ಯನ ಹೆಂಡತಿ ಭದ್ರಮ್ಮ ಮೂಗರಳಿಸಿ, “ಯಾಕೋ ವಾಸ್ನೆ ಸರಿ ಇಲ್ಲ ಕಣ್ರೀ” ಎಂದಳು.

“ಇನ್ನೂ ಮೂವತ್ತೇ ದಾಟಿಲ್ಲ, ಸುಮ್ಕಿರು” ಎಂದು ಸಣ್ಣಯ್ಯ ಇನ್ನೆರಡು ಕೊರಡು ನೂಕಿದ. ಡಬ್ಬಿ ತೋರಿಸುತ್ತಿದ್ದದ್ದು ಬಿಳಿಕೆರೆಯ ಬಯಲುಗಾಳಿಯ ಶಾಖವನ್ನು. ಸಂಜೆ ಭದ್ರಮ್ಮ ಯಾರನ್ನೂ ಕೇಳದೆ ಬಾಗಿಲು ತೆರೆದಳು. ಬಿಸಿಯ ಹೊಡೆತಕ್ಕೆ ಹಿಂದಕ್ಕೆ ಸರಿದಳು. ಒಳಗೆ ಸೊಪ್ಪೆಲ್ಲ ಬೆಂದು ಕರ್ರಗೆ ಜೋತುಬಿದ್ದಿತ್ತು.

ಮಾರನೆಯ ದಿನ ಧರ್ಮೇಂದ್ರ ಬಂದಾಗ ಸಣ್ಣಯ್ಯ ಬೈಯಲಿಲ್ಲ. ವೈರಿನ ತುದಿಯನ್ನು ಬಿಸಿನೀರಿನ ಚೆಂಬಿಗೆ ಇಳಿಬಿಟ್ಟ. ಅಂಕಿ ಸರ್ರನೆ ಏರಿತು.

“ಇದೇನ್ಲಾ ಆಂಟೆನಾ?”

“ಕಂಪ್ನಿಯೋರು ಸರಿಯಾಗಿ ತಿಳಿಸ್ಬೇಕಿತ್ತು.”

ಸಣ್ಣಯ್ಯ ಥರ್ಮಾಮೀಟರ್ ಬಂದಿದ್ದ ರಟ್ಟಿನ ಪೆಟ್ಟಿಗೆಯನ್ನು ಅವನ ಮುಖಕ್ಕೆ ಹಿಡಿದ. “ಚಿತ್ರ ಹಾಕವ್ರೆ ನೋಡ್ಲಾ. ಓದಕ್ಕೆ ಬರದ ನಂಗೇ ತಿಳೀತದೆ. ನೀನ್ ಏನ್ ಓದಿದ್ದೀಯ?”

“ಶರ್ಟ್ ಬಿಚ್ಚು” ಎಂದಳು ಭದ್ರಮ್ಮ. “ಬ್ಯಾರನ್ ಒಳಗಿರೋ ಕಡ್ಡೀನ ಒಂದೂ ಬುಡ್ದಂಗೆ ನೀನೇ ಇಳ್ಸು.”

ಅವನು ಜೀವಮಾನದಲ್ಲಿ ಮೊದಲ ಸಲ ಬ್ಯಾರನ್ನಿನೊಳಗೆ ಕಾಲಿಟ್ಟ. ಸಂಜೆ ಹುಣಸೂರಿನ ಬಸ್ಸಿನಲ್ಲಿ ಅಂಗೈಗೆ ಮೆತ್ತಿದ್ದ ಸೊಪ್ಪಿನ ಅಂಟನ್ನು ಉಜ್ಜಿಕೊಳ್ಳುತ್ತ ಕೂತಾಗ ಅವನಿಗೂ ನಾಚಿಕೆಯಾಯಿತು. ಇದ್ದದ್ದನ್ನು ಇದ್ದ ಹಾಗೆ ಬರೆದುಬಿಡೋಣ ಎನ್ನಿಸಿತು. ಆದರೆ ಸೈಬರ್ ಸೆಂಟರಿನ ಕುರ್ಚಿ ಸಿಕ್ಕಿದ್ದೇ ತಡ, ನಾಚಿಕೆ ಇಳಿದುಹೋಯಿತು. ಆಂಟೆನಾದ ಸಾಲನ್ನು ಹಾಗೆಯೇ ಬಿಟ್ಟ. ಒಂದು ನಕ್ಷತ್ರ ಕಿತ್ತು, ‘ಹಳ್ಳಿಯ ಜನ ತಿಳಿದವರ ಮಾರ್ಗದರ್ಶನದಲ್ಲೇ ಬಳಸತಕ್ಕದ್ದು’ ಎಂದು ಸೇರಿಸಿದ.

ಕಪ್ಪು ಸೊಪ್ಪಿನ ಕಡೆ ಹರಾಜಿನಲ್ಲಿ ಯಾರೂ ತಿರುಗಿ ನೋಡಲಿಲ್ಲ. ಯುಗಾದಿಯ ಹೊತ್ತಿಗೆ ವೆಬ್‌ಸೈಟಿನವರು ಧರ್ಮೇಂದ್ರನಿಗೆ ‘ಉತ್ತಮ ವಿಮರ್ಶಕ’ ಎಂಬ ಪ್ರಶಸ್ತಿಪತ್ರ ಕಳಿಸಿದರು. ಅದಕ್ಕೆ ಕಟ್ಟು ಹಾಕಿಸಿ ಶಾಲೆಯ ಆಫೀಸಿನಲ್ಲಿ ತೂಗುಬಿಟ್ಟ. ಆಡಳಿತ ಮಂಡಳಿಯವರು ಅದನ್ನು ನೋಡಿ, ಕಂಪ್ಯೂಟರ್ ಕೋಣೆಗೆ ಯಾವ ಯುಪಿಎಸ್ ತರಬೇಕೆಂದು ಅವನನ್ನೇ ಕೇಳಿದರು. ಅವನು ಹೇಳಿದ. ಅವರು ತಂದರು.