ಕಿವಿಯ ಹಿಂದಿನ ಕೆಮ್ಮಣ್ಣು

ತೂಬಗೆರೆಯ ನಮ್ಮ ಸೋದರತ್ತೆಯ ಮನೆಯ ಜಗಲಿಯಲ್ಲಿ ಆ ಭಾನುವಾರ ಬೆಳಿಗ್ಗೆ ನಾವು ನಾಲ್ವರಿದ್ದೆವು: ಅತ್ತೆ, ಮಾವ, ಆಗಷ್ಟೇ ಬಸ್ಸಿಳಿದು ಬಂದಿದ್ದ ನಾನು, ಮತ್ತು ಸರ್ಪಸುತ್ತಿಗೆ ಕೆಮ್ಮಣ್ಣು ಬರೆಯುವ ತಾತ. ಮೈಯ ಒಂದೇ ಮಗ್ಗುಲಲ್ಲಿ ಉರಿಯುವ ಗುಳ್ಳೆಗಳು ಸಾಲುಗಟ್ಟಿ ಎದ್ದರೆ ನಮ್ಮ ಕಡೆಯವರಿಗೆ ಮೊದಲು ನೆನಪಾಗುವುದು ಘಾಟಿ ಸುಬ್ರಹ್ಮಣ್ಯ, ಆಮೇಲೆ ಈ ತಾತ. ಭಾನುವಾರವಲ್ಲದೆ ಬೇರೆ ದಿನ ಅವರು ಮಣ್ಣಿನ ಬಟ್ಟಲು ಮುಟ್ಟುವವರಲ್ಲ.

ಅತ್ತೆಯ ಬಲಹಣೆಯಲ್ಲಿ ಗುಳ್ಳೆ ಎದ್ದದ್ದು ಶುಕ್ರವಾರ. ಭಾನುವಾರದವರೆಗೆ ತಡೆಯಲಾರದೆ ಮಾವ ಶನಿವಾರವೇ ಕೆಮ್ಮಣ್ಣು ಕಲಸಿ, ಗೋಡೆಗೆ ಸುಣ್ಣ ಬಳಿದ ಹಾಗೆ ಬಳಿದುಬಿಟ್ಟಿದ್ದರು. ಅಷ್ಟರಲ್ಲಿ ಗುಳ್ಳೆ ರೆಪ್ಪೆಗಿಳಿದು, ಮೂಗಿನ ತುದಿಯಲ್ಲೂ ಒಂದು ಕೂತಿತ್ತು. ಕಣ್ಣು ಅರ್ಧ ಮುಚ್ಚಿಕೊಂಡಿತ್ತು. ಕಣ್ಣಳತೆಯಲ್ಲೇ ಮೊಳ ಮೊಳ ಕನಕಾಂಬರ ಕಟ್ಟುವ ಅತ್ತೆ ಎರಡು ದಿನದಿಂದ ಹೂವಿನ ಬುಟ್ಟಿಯ ಹತ್ತಿರ ಸುಳಿದಿರಲಿಲ್ಲ.

ತಾತ ಅತ್ತೆಯ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿದರು. "ಯಾರ ಕೈಕೆಲಸ ಇದು?"

ಮಾವ ಅಂಗಳದಲ್ಲಿ ಕಟ್ಟಿದ್ದ ಹಸುವಿನ ಕಡೆ ನೋಡಿದರು.

"ಸೊಂಟಕ್ಕೋ ಬೆನ್ನಿಗೋ ಬಂದಿದ್ರೆ ಬರೀತಿದ್ದೆ ಕಣಮ್ಮ. ಕಣ್ಣಿಗೆ ಬಂದಿದ್ದು ನನ್ ಕೈಲಾಗಲ್ಲ. ಹಿಂದೆ ಒಬ್ರಿಗೆ ಬರ್ದೆ, ಮಂಜಾದ ಕಣ್ಣು ತಿರ್ಗ ತಿಳಿಯಾಗ್ಲಿಲ್ಲ. ಈಗ್ಲೇ ಡಾಕ್ಟ್ರತ್ರ ಹೋಗು."

"ಭಾನ್ವಾರ ಯಾವ ಡಾಕ್ಟ್ರು ಕೂತಿರ್ತಾರೆ ತಾತ? ನಾಳೆ ನೋಡಾಣ. ಒಂದ್ ಕಣ್ಣು ಹೋದ್ರೆ ಇನ್ನೊಂದೈತೆ."

"ಎರಡೂ ಇದ್ದಾಗ್ಲೇ ನಿನ್ ಗಂಡ ಬಳ್ಯೋದು ಕಾಣ್ಲಿಲ್ಲ ನಿಂಗೆ!"

ದೊಡ್ಡಬಳ್ಳಾಪುರದ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಭಾನುವಾರವೆಂಬುದಿಲ್ಲ ಎಂದು ನಾನೂ ದನಿಗೂಡಿಸಿದೆ. ಅತ್ತೆ ಎದ್ದರು. ಒದ್ದೆ ಬಟ್ಟೆಯಲ್ಲಿ ಮಣ್ಣನ್ನೆಲ್ಲ ಒರೆಸಿಕೊಂಡು, ಮದುವೆಗೆ ಹೊರಟವರಂತೆ ಸೀರೆ ಉಟ್ಟು, ನನಗೆ ತಾಕೀತು ಮಾಡಿದರು: "ಮಣ್ಣು ಗಿಣ್ಣು ಅಂತ ಅಲ್ಲಿ ಬಾಯ್ಬಿಟ್ಟೀಯ, ಜೋಕೆ. ಬೈತಾರೆ."

ಮಾವನೂ ಸೇರಿ ಮೂವರೂ ಆಸ್ಪತ್ರೆ ತಲುಪಿದೆವು. ಅಲ್ಲಿದ್ದ ಡಾಕ್ಟರಮ್ಮ ಚಿಕ್ಕ ವಯಸ್ಸಿನವರು. ಮೊದಲು ನೋಡಿದ್ದೇ ಮೂಗಿನ ತುದಿಯನ್ನು. ಅಲ್ಲಿ ಗುಳ್ಳೆ ಎದ್ದರೆ ಕಣ್ಣೊಳಗೂ ಇಳಿದಿರಬಹುದಂತೆ.

"ಯಾವಾಗಿಂದಮ್ಮ?"

"ಇವತ್ ಬೆಳಿಗ್ಗೆಯಿಂದ ಕಣವ್ವ. ಏನಿಲ್ಲ, ಚೂರು ತುರಿಕೆ."

"ಏನಾದ್ರೂ ಹಚ್ಚಿದ್ರಾ?"

"ಅಯ್ಯೋ, ಎಲ್ಲಾದ್ರೂ ಉಂಟಾ!"

"ಹಾಗಾದ್ರೆ ಕಿವಿ ಹಿಂದೆ ಕೆಂಪಗಿರೋದೇನು?"

ಅತ್ತೆ ನನ್ನನ್ನು ನೋಡಿದರು, ನಾನು ಮಾವನನ್ನು ನೋಡಿದೆ. ಹಸು ಇಲ್ಲದ್ದರಿಂದ ಮಾವ ಗೋಡೆ ನೋಡಿದರು.

ಡಾಕ್ಟರಮ್ಮ ನಕ್ಕುಬಿಟ್ಟರು. "ನಾನು ಬೈಯಲ್ಲಮ್ಮ. ದಿನ ಮಾತ್ರ ಸರಿಯಾಗಿ ಹೇಳಿ. ಗುಳ್ಳೆ ಎದ್ದ ಮೂರು ದಿನದೊಳಗೆ ಮಾತ್ರೆ ಶುರು ಮಾಡಿದ್ರೆ ಚೆನ್ನಾಗಿ ಹಿಡಿಯುತ್ತೆ."

ಆಗ ಅತ್ತೆಯ ಬಾಯಿಂದ ಎಲ್ಲ ಸಾಲಾಗಿ ಬಂತು: ಗುರುವಾರದ ತಲೆಸಿಡಿತ, ಶುಕ್ರವಾರದ ಗುಳ್ಳೆ, ಶನಿವಾರದ ಮಣ್ಣು. ಸೊಂಟದ ಚೀಲದಿಂದ ದಿನಾ ನುಂಗುವ ಸಕ್ಕರೆ ಕಾಯಿಲೆಯ ಮಾತ್ರೆಯನ್ನೂ ತೆಗೆದು ಮೇಜಿನ ಮೇಲಿಟ್ಟರು. "ಇದನ್ನ ತೋರಿಸಿದ್ದು ಒಳ್ಳೇದಾಯ್ತು" ಎಂದು ಡಾಕ್ಟರಮ್ಮ ಅದನ್ನೂ ಬರೆದುಕೊಂಡು, ಮೊದಲ ಮಾತ್ರೆಯನ್ನು ಅಲ್ಲೇ ನುಂಗಿಸಿ, ಕಣ್ಣಿನ ಡಾಕ್ಟರಿಗೆ ಫೋನ್ ಮಾಡಿ ಅಂದೇ ತೋರಿಸುವ ಏರ್ಪಾಟು ಮಾಡಿದರು. ಹೊರಡುವಾಗ ಮಾವನಿಗೆ ಹೇಳಿದರು: "ಸಣ್ಣ ಕೂಸುಗಳು, ಬಸುರಿಯರು ಸದ್ಯ ಇವರ ಹತ್ರ ಬರೋದು ಬೇಡ. ಇನ್ನೊಂದ್ಸಲ ಯಾರಿಗಾದ್ರೂ ಸೊಂಟಕ್ಕೆ ಬಂದ್ರೂ ಕರ್ಕೊಂಡ್ ಬನ್ನಿ. ಭಾನುವಾರಕ್ಕೆ ಕಾಯ್ಬೇಡಿ."

ಉರಿ ಇನ್ನೂ ಕೆಲವು ವಾರ ಕಾಡಿತು. ಕಣ್ಣು ಉಳಿಯಿತು.

ಎರಡು ತಿಂಗಳಾದ ಮೇಲೆ, ಒಂದು ಬುಧವಾರ, ತಾತ ಪಕ್ಕದ ಬೀದಿಯ ಹೆಂಗಸೊಬ್ಬರನ್ನು ಅದೇ ಜಗಲಿಗೆ ಕರೆತಂದರು. ಆಕೆಯ ಸೊಂಟದ ಮೇಲೆ ಗುಳ್ಳೆ ಎದ್ದು ಒಂದು ದಿನವಾಗಿತ್ತು. ಅತ್ತೆ ಕಟ್ಟುತ್ತಿದ್ದ ಕನಕಾಂಬರವನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟರು. "ಏನಾದ್ರೂ ಬಳ್ಕೊಂಡಿದ್ರೆ ಅಲ್ಲಿ ಮುಚ್ಚಿಡ್ಬೇಡ ಕಣಮ್ಮ" ಎಂದರು. ಹತ್ತೂವರೆಯ ಬಸ್ಸಿಗೆ ಇಬ್ಬರೂ ದೊಡ್ಡಬಳ್ಳಾಪುರಕ್ಕೆ ಹೊರಟರು.