ದಾಸವಾಳದ ಮುಖ

ಅರವತ್ತರ ದಶಕದಲ್ಲಿ ನಾವು ಜಯನಗರದಲ್ಲಿ ಬಾಡಿಗೆಗಿದ್ದೆವು. ನಮ್ಮ ಯಜಮಾನರು ಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರು. ಮೊದಲ ಮಹಾಯುದ್ಧ ಮುಗಿದ ಮೇಲೆ ಪ್ಯಾರಿಸ್ಸಿನಲ್ಲಿ ಕೆಲವರು ಬುದ್ಧಿಯ ಹಂಗು ಬಿಟ್ಟು, ಕನಸಿನಲ್ಲಿ ಕಂಡ ಹಾಗೇ ಚಿತ್ರ ಬರೆದರಂತೆ. ಅದಕ್ಕೆ ಸರ್ರಿಯಲಿಸಂ ಎನ್ನುತ್ತಾರೆ ಎಂದು ನನಗೆ ಹೇಳಿಕೊಟ್ಟವರು ಅವರೇ.

ಮಗಳು ಹುಟ್ಟಿದಾಗ ಅತ್ತೆ, "ವರ್ಷ ತುಂಬೋವರ್ಗೂ ಫೋಟೋ ತೆಗೆಸ್ಬಾರ್ದು, ಆಯಸ್ಸು ಕಮ್ಮಿ ಆಗುತ್ತೆ" ಎಂದರು. ಹಾಗಾಗಿ ಇವರು ತೊಟ್ಟಿಲಲ್ಲಿದ್ದ ಮಗುವಿನ ಚಿತ್ರ ಬರೆದರು. ಬೆರಳು, ಕಾಲ್ಗೆಜ್ಜೆ ಎಲ್ಲ ಇದ್ದ ಹಾಗೇ ಇದ್ದವು. ಮುಖದ ಜಾಗದಲ್ಲಿ ಮಾತ್ರ ಒಂದು ದೊಡ್ಡ ದಾಸವಾಳ.

"ಇದೇನ್ರೀ, ಮುಖ ಎಲ್ಲಿ?" ಎಂದು ರೇಗಿದೆ.

"ಅಮ್ಮನಿಗೂ ಸಮಾಧಾನ ಆಗ್ಲಿ ಬಿಡೇ. ವರ್ಷ ತುಂಬ್ಲಿ, ಮುಖಾನೂ ಬರೀತೀನಿ" ಎಂದರು.

ಹನ್ನೊಂದನೇ ತಿಂಗಳಲ್ಲಿ ಜ್ವರ ಬಂದು ಮಗು ಹೋಯಿತು. ಆಮೇಲೆ ಅವರು ಕುಂಚ ಮುಟ್ಟಲಿಲ್ಲ.

ಮೊನ್ನೆ ಮನೆಗೆ ಬಂದಿದ್ದ ಕಲಾವಿಮರ್ಶಕರೊಬ್ಬರು ಆ ಚಿತ್ರದ ಮುಂದೆ ನಿಂತು, "ಸರ್ರಿಯಲಿಸಂ ಪ್ರಭಾವ ಎಷ್ಟು ಚೆನ್ನಾಗಿ ಬಂದಿದೆ ಮೇಡಂ! ಮುಖ ಇಲ್ದೇ ಇರೋದೇ ಇದರ ಶಕ್ತಿ" ಎಂದರು. ನನಗೆ ಮೈಯೆಲ್ಲ ಉರಿದುಹೋಯಿತು. ಶಕ್ತಿಯಂತೆ! ನಕ್ಕಾಗ ಅವಳಿಗೆ ಗುಳಿ ಬೀಳುತ್ತಿದ್ದುದು ಯಾವ ಕೆನ್ನೆಯಲ್ಲಿ ಎಂಬುದೇ ನನಗೀಗ ನೆನಪಾಗುತ್ತಿಲ್ಲ.