ಕಸ್ತೂರಮ್ಮ ಕೇಳಿದ ಗ್ರಂಜ್

ದಾವಣಗೆರೆಯ ಎಂ.ಸಿ.ಸಿ. ‘ಬಿ’ ಬ್ಲಾಕಿನ ಕಸ್ತೂರಮ್ಮನಿಗೆ ಆಗ ನಲವತ್ತೇಳು ವರ್ಷ. ಗಂಡ ಕೆಂಚವೀರಪ್ಪನವರದು ದಲ್ಲಾಳಿ ಮಂಡಿ. ಮಗ ಪ್ರಶಾಂತ ಇಂಜಿನಿಯರಿಂಗ್ ಓದುತ್ತಿದ್ದ. ಯಾವುದನ್ನೇ ಆಗಲಿ ಬಿಚ್ಚಿ ನೋಡದೆ ಸುಮ್ಮನಿರುವ ಜೀವ ಆಕೆಯದಲ್ಲ. ಮದುವೆಯಾದ ಹೊಸದರಲ್ಲಿ ರೇಡಿಯೋದ ಬೆನ್ನು ತೆಗೆದು ಒಳಗೇನಿದೆ ಎಂದು ನೋಡಿ ಅತ್ತೆಯಿಂದ ಬೈಸಿಕೊಂಡಿದ್ದಳು. ವಾರಕ್ಕೊಮ್ಮೆ ಅಕ್ಕನ ಬಳಗದಲ್ಲಿ ವಚನ ಹಾಡುತ್ತಿದ್ದಳು. ಹಾಗಾಗಿ ಯಾರ ದನಿ ಕೇಳಿದರೂ ಆಕೆಯ ಕಿವಿ ನೆಟ್ಟಗಾಗುತ್ತಿತ್ತು.

ತೊಂಬತ್ತೆಂಟರ ಬೇಸಿಗೆಯಲ್ಲಿ ಮಹಡಿಯ ಕೋಣೆಯಿಂದ ಹೊಸದೊಂದು ಸದ್ದು ಕೆಳಗಿಳಿಯತೊಡಗಿತು. ಭಾನುವಾರ ಬಂತೆಂದರೆ ಪ್ರಶಾಂತ, ಅವನ ಇಬ್ಬರು ಮೂವರು ಗೆಳೆಯರು ಟೇಪ್‌ರೆಕಾರ್ಡರ್ ಹಚ್ಚಿಕೊಂಡು ಕೂರುತ್ತಿದ್ದರು. ಹಾಡು ಕೇಳಿದ್ದಕ್ಕಿಂತ ಜಗಳಾಡಿದ್ದೇ ಹೆಚ್ಚು. ಒಂದು ದಿನ ಕಸ್ತೂರಮ್ಮ ಮಂಡಕ್ಕಿ ಹಿಡಿದು ಮೇಲೆ ಹೋದಾಗ ಒಬ್ಬ ಕೂಗುತ್ತಿದ್ದ: “ನಿರ್ವಾಣ ಮುಂದೆ ಉಳಿದೋರೆಲ್ಲ ಸುಳ್ಳು ಬಿಡ್ರೋ!”

“ನಿರ್ವಾಣ ಸ್ವಾಮಿಗಳಾ? ಯಾವ ಮಠದೋರಪ್ಪ?” ಎಂದಳು ಕಸ್ತೂರಮ್ಮ.

ಹುಡುಗರು ಬಿದ್ದು ಬಿದ್ದು ನಕ್ಕರು. “ಮಠ ಅಲ್ಲವ್ವ, ಬ್ಯಾಂಡು. ಅಮೆರಿಕದ್ದು. ಇಂಥ ಹಾಡಿಗೆ ಗ್ರಂಜ್ ಅಂತಾರೆ” ಎಂದ ಪ್ರಶಾಂತ.

ತಾನೂ ನಕ್ಕು ಕಸ್ತೂರಮ್ಮ ಅಲ್ಲೇ ಚಾಪೆಯ ಮೇಲೆ ಕೂತಳು. “ಹಚ್ಚು, ನೋಡಾಣ.”

ಮೊದಲಿಗೆ ಯಾರೋ ತನ್ನಷ್ಟಕ್ಕೆ ಗೊಣಗಿದಂತಿತ್ತು. ಆಮೇಲೆ ಇದ್ದಕ್ಕಿದ್ದಂತೆ, ತಗಡಿನ ಷೀಟನ್ನು ರಸ್ತೆಯ ಮೇಲೆ ಎಳೆದಂತೆ ಗಿಟಾರು ಮೊರೆಯಿತು, ಆ ಮನುಷ್ಯ ಕಿರುಚಿದ.

“ಸ್ಪೀಕರ್ ಹರದೈತೇನೋ?”

“ಇಲ್ಲವ್ವ, ಬೇಕಂತಲೇ ಹಂಗೆ ಮಾಡ್ತಾರೆ.”

“ಬೇಕಂತಲೇನಾ? ಯಾಕ?”

ಯಾವ ಬ್ಯಾಂಡು ದೊಡ್ಡದೆಂದು ಬೆಳಗಿನಿಂದ ವಾದ ಮಾಡಿದ್ದ ಪ್ರಶಾಂತ ತಲೆ ಕೆರೆದುಕೊಂಡ. “ಸಿಟ್ಟು, ಆಂಟಿ” ಎಂದ ಒಬ್ಬ ಗೆಳೆಯ. “ಯಾರ ಮ್ಯಾಲೆ?” ಎಂದಳು ಕಸ್ತೂರಮ್ಮ. ಅವನು ಮಂಡಕ್ಕಿಗೆ ಕೈ ಹಾಕಿದ.

ಆ ‘ಯಾಕ’ ಆಕೆಯನ್ನು ಬಿಡಲಿಲ್ಲ. ಮಧ್ಯಾಹ್ನ ಮನೆ ಖಾಲಿಯಾದ ಮೇಲೆ ಮಗನ ಕ್ಯಾಸೆಟ್ಟುಗಳನ್ನು ಒಂದೊಂದಾಗಿ ಹಚ್ಚಿ ಕೇಳತೊಡಗಿದಳು. ಇಂಗ್ಲಿಷ್ ಮಾತು ತಿಳಿಯುತ್ತಿರಲಿಲ್ಲ, ದನಿ ತಿಳಿಯುತ್ತಿತ್ತು. ಪರ್ಲ್ ಜಾಮ್ ಬ್ಯಾಂಡಿನವನು ಹೊಟ್ಟೆಯಿಂದ ಹಾಡುತ್ತಾನೆ. ನಿರ್ವಾಣದವನು ಗಂಟಲನ್ನೇ ಕೆರೆದುಕೊಳ್ಳುತ್ತಾನೆ. ಆಲಿಸ್ ಇನ್ ಚೇನ್ಸ್‌ನಲ್ಲಿ ಇಬ್ಬರ ದನಿ ಒಂದರೊಳಗೊಂದು ಹೊಕ್ಕು, ಮೈಮೇಲೆ ಮುಳ್ಳೇಳುತ್ತಿತ್ತು.

ಒಂದು ದಿನ ನಿರ್ವಾಣದ ಕ್ಯಾಸೆಟ್ಟಿನ ರೀಲು ಟೇಪಿನೊಳಗೆ ಸಿಕ್ಕಿಕೊಂಡಿತು. ಮಗ ಬರುವುದರೊಳಗೆ ಸರಿ ಮಾಡಿಸಬೇಕೆಂದು ಆಕೆ ಜಮಾಲ್ ಸಾಬರ ಕ್ಯಾಸೆಟ್ ಅಂಗಡಿಗೆ ಓಡಿದಳು.

“ಪ್ರಶಾಂತಂದಾ ಅಮ್ಮಾರೆ?”

“ಅವಂದೇ. ಕೇಳ್ತಿದ್ದೋಳು ನಾನು.”

ಪಕ್ಕದಲ್ಲಿ ಕ್ಯಾಸೆಟ್ ಹುಡುಕುತ್ತಿದ್ದ ಹುಡುಗಿ ತಟ್ಟನೆ ತಿರುಗಿದಳು. ವಿದ್ಯಾನಗರದ ಹಾಸ್ಟೆಲಿನಲ್ಲಿದ್ದು ಓದುವ ರಶ್ಮಿತಾ. “ಆಂಟಿ, ನೀವು ಇದನ್ನ ಕೇಳ್ತೀರಾ? ನಾನು ಹಚ್ಚಿದ್ರೆ ಹಾಸ್ಟೆಲ್ನಾಗೆ ಎಲ್ಲರೂ ಕಿವಿ ಮುಚ್ಕಂತಾರೆ!” ಎಂದಳು. ಅವಳದು ಪರ್ಲ್ ಜಾಮ್ ಪಕ್ಷ.

“ನಿಮ್ಮೋನ ಗಂಟಲು ಭಾಳ ಚಲೋ ಐತೆ,” ಎಂದಳು ಕಸ್ತೂರಮ್ಮ. “ಆದ್ರ ಚಲೋ ಐತಂತ ಅವನಿಗೂ ಗೊತ್ತೈತೆ.”

ರಶ್ಮಿತಾ ನಕ್ಕಳು, ಆಮೇಲೆ ಸುಮ್ಮನೆ ಬಿಡಲಿಲ್ಲ. “ಗೊತ್ತಿದ್ರೆ ತಪ್ಪೇನು ಆಂಟಿ? ನಿರ್ವಾಣದಾಗೆ ಬರೇ ಗದ್ದಲ.”

“ಆ ಗದ್ದಲಾನೇ ನಂಗೂ ಬ್ಯಾಡ. ಅದನ್ನ ತೆಗೆದು ಹಾಡಿಸಿದ್ರೆ ನಿರ್ವಾಣದೋನ ಮುಂದೆ ಯಾರೂ ನಿಲ್ಲಲ್ಲ ನೋಡು.”

ಪೆನ್ಸಿಲಿನಿಂದ ರೀಲು ಸುತ್ತುತ್ತಿದ್ದ ಜಮಾಲ್ ಸಾಬ್ ತಲೆಯೆತ್ತಿದರು. “ಹಂಗೆ ಹಾಡಿದ್ದೂ ಐತೆ ಅಮ್ಮಾರೆ. ನನ್ನ ತಮ್ಮ ದುಬೈಯಿಂದ ಸಿ.ಡಿ. ತಂದಾನೆ. ಹರಿಹರದಾಗೆ ನಮ್ಮ ಮನ್ಯಾಗೈತೆ. ಭಾನುವಾರ ಬರ್ರಿ, ಕೇಳಿಸ್ತೀನಿ.”

“ಹಾಡು ಕೇಳಾಕ ಹರಿಹರಕ್ಕಾ?” ಎಂದರು ಮನೆಯಲ್ಲಿ ಕೆಂಚವೀರಪ್ಪ. “ಹರಿಹರ ಏನು ಲಂಡನ್ನಾ?” ಎಂದಳು ಕಸ್ತೂರಮ್ಮ. ಅವ್ವನ ಜೊತೆ ಹೋಗಲು ಪ್ರಶಾಂತನಿಗೆ ನಾಚಿಕೆಯಿತ್ತು, ಆದರೆ ಸಿ.ಡಿ.ಯ ಆಸೆ ನಾಚಿಕೆಗಿಂತ ದೊಡ್ಡದಿತ್ತು. ರಶ್ಮಿತಾಳೂ ಸೇರಿ ಮೂವರೂ ಬಸ್ ಹತ್ತಿದರು.

ಹರಿಹರದಲ್ಲಿ ಹೊಳೆಯ ಕಡೆಗಿನ ಓಣಿಯಲ್ಲಿ ಜಮಾಲ್ ಸಾಬರ ಮನೆ. ಅವರ ಹೆಂಡತಿ ಅಖ್ತರ್ ಬಾನು ಚಹಾ ಕೊಟ್ಟು ಕಸ್ತೂರಮ್ಮನ ಪಕ್ಕದಲ್ಲೇ ಕೂತರು. ಸಿ.ಡಿ. ತಿರುಗಿತು. ಮೊರೆಯುವ ಗಿಟಾರಿಲ್ಲ, ಬರಿಯ ತಂತಿ ಮೀಟುವ ಸದ್ದು, ಅದರ ಮೇಲೆ ಆ ದನಿ. ಅಲ್ಲಲ್ಲಿ ಬಿರುಕು ಬಿಟ್ಟಿದ್ದರೂ ಸ್ವರ ತಪ್ಪದ ದನಿ. ರಶ್ಮಿತಾ ಕೂಡ ಅಲುಗದೆ ಕೇಳಿದಳು.

“ಪಾಪ, ಈ ಹುಡುಗ ಈಗ ಎಲ್ಲದಾನೆ?” ಎಂದು ಕೇಳಿದರು ಅಖ್ತರ್ ಬಾನು.

“ಇಲ್ಲ ಆಂಟಿ. ನಾಲ್ಕು ವರ್ಷ ಆತು. ತಾನಾಗೇ ಜೀವ ಕಳ್ಕಂಡ,” ಎಂದಳು ರಶ್ಮಿತಾ. ಕಸ್ತೂರಮ್ಮನಿಗೆ ಅದು ಗೊತ್ತಿರಲಿಲ್ಲ. ಮಗನ ಮುಖ ನೋಡಿದಳು. ಅವನು ತಲೆ ತಗ್ಗಿಸಿದ.

ಹಾಡು ಮುಗಿದ ಮೇಲೆ ಎಲ್ಲರೂ ಆಕೆಯತ್ತಲೇ ನೋಡಿದರು. ಗೆದ್ದದ್ದು ಆಕೆಯೇ ತಾನೆ?

“ಚಲೋ ಹಾಡ್ತಾನೆ,” ಎಂದಳು ಕಸ್ತೂರಮ್ಮ ನಿಧಾನವಾಗಿ. “ಆದ್ರ ನಂಗೆ ಆ ಗದ್ದಲ ಬೇಕನ್ನಿಸ್ತು.”

“ಅವ್ವ! ಗದ್ದಲ ಬ್ಯಾಡ ಅಂದೋಳು ನೀನೇ!”

“ಅಂದಿದ್ದೆ ಹೌದು. ಇಲ್ಲಿ ಅವನು ಒಬ್ಬನೇ ಆಗಿಬಿಟ್ಟ. ತವರುಮನೆ ಕುಕ್ಕುವಾಡದಾಗೆ ನಮ್ಮಣ್ಣ ತೀರ್ಕಂಡಾಗ ಇಡೀ ಮನೆ ಕೂಡಿ ಅತ್ತಿದ್ವಿ. ಅದ್ರಾಗೆ ನನ್ನ ಅಳು ನಂಗೇ ಕೇಳ್ಲಿಲ್ಲ. ಅದಕ್ಕೇ ತಡಕಂಡೆ ಅನ್ನಿಸ್ತೈತೆ. ಆ ಗದ್ದಲ ಅವನನ್ನ ಮುಚ್ಚಿತ್ತು ಅಂದ್ಕಂಡಿದ್ದೆ. ಜೊತೆಗಿತ್ತೇನೋ.”

ಅಖ್ತರ್ ಬಾನು ಆಕೆಯ ಕೈ ಹಿಡಿದರು.

“ನಂಗೆ ಇದೇ ಇಷ್ಟ ಆತವ್ವ,” ಎಂದ ಪ್ರಶಾಂತ ಕೊನೆಗೆ. ಅಷ್ಟು ದಿನ ಗದ್ದಲದ ಪರ ಹೋರಾಡಿದ್ದವನು ಅವನು. ತಾಯಿ ಮಗ ಪಕ್ಷ ಅದಲು ಬದಲು ಮಾಡಿಕೊಂಡು ಬಸ್ಸಿನಲ್ಲಿ ಕಂಬಿ ಹಿಡಿದು ನಿಂತೇ ದಾವಣಗೆರೆಯವರೆಗೂ ವಾದ ಮಾಡಿದರು. ಮುಂದಿನ ಸೀಟಿನವರು ಆಸ್ತಿ ಜಗಳವಿರಬೇಕೆಂದು ಹಿಂದಿರುಗಿ ನೋಡಿದರು.

ಅಲ್ಲಿಂದ ಮುಂದೆ ರಶ್ಮಿತಾ ಭಾನುವಾರಗಳಂದು ಮಹಡಿಗೆ ಬರತೊಡಗಿದಳು. ಹುಡುಗರು ಮೊದಲ ವಾರ ಬಾಯಿ ಬಿಡಲಿಲ್ಲ. ಎರಡನೇ ವಾರ ಅವಳು ಸೌಂಡ್‌ಗಾರ್ಡನ್ ಬ್ಯಾಂಡಿನ ಬಗ್ಗೆ ಏನೋ ಅಂದದ್ದೇ ತಡ, ಮರ್ಯಾದೆಯೆಲ್ಲ ಮರೆತು ಕೂಗಾಡಿದರು. “ಎಲ್ಲಾ ಗಂಡಸರದೇ ಆತಲ್ಲೇ. ಹಿಂಗೆ ಹಾಡೋ ಹೆಂಗಸರು ಇಲ್ಲೇನು?” ಎಂದು ಕಸ್ತೂರಮ್ಮ ಕೇಳಿದ್ದು ಅಂಥ ಒಂದು ಕೂಗಾಟದ ನಡುವೆ.

ದೀಪಾವಳಿ ರಜೆ ಮುಗಿಸಿ ಬರುವಾಗ ರಶ್ಮಿತಾ ಕ್ರಾನ್‌ಬೆರೀಸ್ ಎಂಬ ಬ್ಯಾಂಡಿನ ಕ್ಯಾಸೆಟ್ ತಂದಳು. ಹಾಡುವಾಕೆ ಐರ್ಲೆಂಡಿನವಳಂತೆ. ಮೇಲೇರುತ್ತಿದ್ದ ದನಿ ತುದಿಯಲ್ಲಿ ಫಕ್ಕನೆ ಮುರಿದು, ಮುರಿದಲ್ಲೇ ಮತ್ತೆ ಚಿಗುರುತ್ತಿತ್ತು.

“ಇದನ್ನ ಹೆಂಗೆ ಮಾಡ್ತಾಳೆ?” ಎಂದು ಕಸ್ತೂರಮ್ಮ ಎದ್ದೇ ಕೂತಳು. ಸೆರಗು ಸಿಕ್ಕಿಸಿಕೊಂಡು ತಾನೂ ಒಮ್ಮೆ ಪ್ರಯತ್ನಿಸಿದಳು. ಕೆಮ್ಮು ಬಂತು. ಕೆಳಗಿನಿಂದ ಕೆಂಚವೀರಪ್ಪ “ಯಾರಿಗೇನಾತು?” ಎಂದು ಕೂಗಿದರು.

“ಯಾರಿಗೂ ಏನಿಲ್ರಿ,” ಎಂದು ಉತ್ತರ ಕೊಟ್ಟು, ಆಕೆ ರಶ್ಮಿತಾಳ ಕಡೆ ತಿರುಗಿದಳು. “ಹಿಂದಕ್ಕೆ ತಿರುವು. ಆ ಮುರಿಯೋ ಜಾಗ ಇನ್ನೊಂದ್ಸಲ ಕೇಳಾಣ.”